ಶೀತ ಅಂದರೆ ಯಾವ ಶೀತ?

ಮೂರು ವರ್ಷದಿಂದ ನನ್ನ ಹೆಂಡತಿ ಗೌರಮ್ಮ ಚಾಪೆ ಎತ್ತಿಕೊಂಡು ಹೋಗಿ ಹಾಲ್‌ನಲ್ಲಿ ಮಲಗುತ್ತಾಳೆ. ಅವಳಿಗೆ ಸೆಕೆ, ನನಗೆ ಗಾಳಿ ತಾಗಿದರೆ ಮಂಡಿ ಹಿಡಿದುಕೊಳ್ಳುತ್ತದೆ, ಕೋಣೆಗೆ ಚಿಲಕ ಹಾಕಿಯೇ ಮಲಗಬೇಕು. ಅರೆಕೆರೆಯಲ್ಲಿ ಮೂರಂತಸ್ತು ಕಟ್ಟಿಸಿದ ಈ ತಿಮ್ಮರಾಯಪ್ಪನಿಗೆ ಕೊನೆಗೆ ಒಂಟಿ ಮಂಚ! ಹೊಟ್ಟೆ ಉರಿಯುವುದಿಲ್ಲವೇ?

ಅವಳು ವಾಪಸ್ ಬರಲಿ ಎಂದೇ ಒಂದು ಹೊಸ ನಮೂನೆಯ ಹಾಸಿಗೆ ತರಿಸಿದೆ. ಒಳಗೆಲ್ಲ ನೀರಿನ ಸಣ್ಣ ಕೊಳವೆಗಳು, ಪಕ್ಕದಲ್ಲೊಂದು ಪೆಟ್ಟಿಗೆ. ಅವಳ ಮಗ್ಗುಲು ತಂಪಗೆ, ನನ್ನ ಮಗ್ಗುಲು ಬೆಚ್ಚಗೆ, ಎಲ್ಲ ತಾನೇ ಮಾಡಿಕೊಳ್ಳುತ್ತದಂತೆ. ದಿನಕ್ಕೊಮ್ಮೆ ಫೋನಿನಲ್ಲಿ ಪ್ರಶ್ನೆ ಕೇಳಿ ನಮ್ಮ ಮೈ ತಿಳಿದುಕೊಳ್ಳುತ್ತದಂತೆ. ಅದು ಹೇಗಪ್ಪಾ ಎಂದು ಬಗ್ಗಿ ಬಗ್ಗಿ ನೋಡಿದೆ, ಕಿವಿಯಿಟ್ಟು ಕೇಳಿದೆ. ಗುಳುಗುಳು ಅಂದಿತು, ಅಷ್ಟೇ.

ಎರಡು ದಿನ ಗೌರಮ್ಮ ಮಂಚದ ಮೇಲೆ ಮಲಗಿದಳು. ಮೂರನೆಯ ದಿನ, ಹಾಸಿಗೆ ಕಾದ ಹಂಚಾಗಿದೆ ಎಂದು ಮತ್ತೆ ಚಾಪೆ ಎತ್ತಿದಳು. ನನಗೆ ರೇಗಿಹೋಯಿತು. ಕಂಪನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

ಮಧ್ಯಾಹ್ನ ರಿಪೇರಿಗೆ ಬಂದವನು ಮಹಾಂತೇಶ್, ಬಾಗಲಕೋಟೆ ಕಡೆಯವನು. ಪೆಟ್ಟಿಗೆ ಬಿಚ್ಚಿ ನೋಡಿ, "ಮಷೀನ್ ಚಲೋ ಐತ್ರಿ," ಎಂದ. ನನ್ನ ಫೋನ್ ಇಸಿದುಕೊಂಡ. "ಅವ್ವಾರಿಗೆ ಉಷ್ಣವೋ ಶೀತವೋ ಅಂತ ಕೇಳೈತಿ. ನೀವು ಶೀತ ಅಂತ ಒತ್ತೀರಿ?"

"ಹೂಂ ಕಣಯ್ಯ. ಅವಳಿಗೆ ಎರಡು ದಿನದಿಂದ ಮೂಗು ಸೋರ್ತಿದೆ. ಶೀತ ಅಲ್ದೆ ಇನ್ನೇನು?"

ಅವನು ಜೋರಾಗಿ ನಕ್ಕ. "ಅದಕ್ಕ ನಾವು ನೆಗಡಿ ಅಂತೀವ್ರಿ! ಮೈಗೆ ಥಂಡಿ ಆಗತೈತೇನು ಅಂತ ಅದು ಕೇಳಿದ್ದು. ನೀವು ಹೂಂ ಅಂದ್ರಿ, ಅದು ಕಾಯಿಸ್ತು."

ಆಮೇಲೆ ಬಾಗಿಲಲ್ಲಿ ನಿಂತಿದ್ದ ಗೌರಮ್ಮನ ಕಡೆ ತಿರುಗಿದ. "ಅವ್ವಾರ, ನಿಮಗ ಸೆಕಿನೋ, ಥಂಡಿನೋ?"

"ಅವಳಿಗೆ ಸೆಕೆ—" ಎಂದೆ ನಾನು.

"ನೀವು ಸುಮ್ನಿರಿ," ಎಂದಳು. "ನನ್ನನ್ನೇ ಕೇಳಿದೋನು ಇವನೊಬ್ಬ. ಮಲಗುವಾಗ ಸೆಕೆ ಕಣಪ್ಪ. ಬೆಳಗಿನ ಜಾವ ಬೆವರು ಆರಿ ಚಳಿ ಹಿಡಿಯುತ್ತೆ. ಒಳಗೆ ಹೋಗೋಣ ಅಂತ ಬಂದ್ರೆ ಚಿಲಕ ಹಾಕಿರುತ್ತೆ. ಎಬ್ಬಿಸೋದ್ಯಾಕೆ ಅಂತ ವಾಪಸ್ ಹೋಗ್ತೀನಿ."

ಮೂರು ವರ್ಷ ಅವಳು ಆ ಬಾಗಿಲ ತನಕ ಬಂದಿದ್ದಳು! ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಹಾಂತೇಶ್ ಅವಳ ಉತ್ತರವನ್ನೇ ಫೋನಿಗೆ ತುಂಬಿ, ಸಾಮಾನು ಚೀಲಕ್ಕೆ ಹಾಕತೊಡಗಿದ.

"ಇರಪ್ಪ, ಆ ಸ್ಕ್ರೂಡ್ರೈವರ್ ಒಂಚೂರು ಕೊಡು," ಎಂದೆ.

"ಇನ್ನೇನ್ ಕೆಟ್ಟೈತ್ರಿ?"

ಫೋನನ್ನು ಗೌರಮ್ಮನ ಕೈಗೆ ಕೊಟ್ಟು, ಬಾಗಿಲ ಹತ್ತಿರ ಹೋಗಿ ಚಿಲಕ ಬಿಚ್ಚತೊಡಗಿದೆ.