ಕೂಡಿಕೊಂಡ ಮೂಳೆ

ಚನ್ನಗಿರಿಯ ಶಾಲೆಯಲ್ಲಿ ಅಂದು ನಾನು ಡೈನೋಸಾರ್‌ಗಳ ಬೇಟೆಯ ಪಾಠ ಮಾಡುತ್ತಿದ್ದೆ. ಒಂದು ಪಳೆಯುಳಿಕೆಯ ಚಿತ್ರ ತೋರಿಸಿದೆ. ಸೊಪ್ಪು ತಿನ್ನುವ ಡೈನೋಸಾರಿನ ಬಾಲದ ಮೂಳೆಯಲ್ಲಿ ಬೇಟೆಯಾಡುವ ಇನ್ನೊಂದು ಡೈನೋಸಾರಿನ ಹಲ್ಲು ಸಿಕ್ಕಿಕೊಂಡಿತ್ತು. ಅದರ ಸುತ್ತ ಮೂಳೆ ಮತ್ತೆ ಬೆಳೆದಿತ್ತು.

"ಮೂಳೆ ಕೂಡ್ಕೊಂಡೈತೆ ಅಂದ್ರೆ ಏನರ್ಥ?" ಎಂದು ಕೇಳಿದೆ.

"ಕಚ್ಚಿಸ್ಕೊಂಡ್ರೂ ತಪ್ಪಿಸ್ಕೊಂಡು ಬದುಕಿತ್ತು ಮಿಸ್," ಎಂದಳು ಮುಂದಿನ ಬೆಂಚಿನ ಮಾಲಾ.

ಸರಿಯಾದ ಉತ್ತರ. ಚಿತ್ರವನ್ನು ಮಗುಚಿ ಮೇಜಿನ ಮೇಲಿಟ್ಟೆ.

ಕಳೆದ ತಿಂಗಳು ಆಸ್ಪತ್ರೆಯಲ್ಲಿ ನನ್ನ ತಂಗಿ ಪ್ರೇಮಲತಾಳ ಹೆಣದ ಎಕ್ಸ್‌ರೇ ತೋರಿಸಿದ್ದರು. ಹಳೆಯ ಮುರಿತಗಳು ಮೂರು, ಮೂರೂ ಕೂಡಿಕೊಂಡಿದ್ದವು. ಮೂರು ಸಲವೂ ಅವಳು ಗಂಡನಿಂದ ತಪ್ಪಿಸಿಕೊಂಡು ನನ್ನ ಮನೆಗೇ ಬಂದಿದ್ದಳು. ಮೂರು ಸಲವೂ, "ಗಂಡನ ಜೊತೆ ಕೂಡ್ಕೊಂಡು ಬಾಳಾಕೆ ಕಲಿಯವ್ವ" ಎಂದು ಹೊನ್ನಾಳಿ ಬಸ್ಸು ಹತ್ತಿಸಿದವಳು ನಾನೇ.