ಏಳರ ಮುಂದೆ ಬರೆದದ್ದು

ವಿಶ್ವವಿದ್ಯಾಲಯದ ಸಂಶೋಧನಾ ಕೋಣೆಯ ಹಲಗೆಯನ್ನು ಮೇಲಿನಿಂದ ಕೆಳಕ್ಕೆ ಒರೆಸುತ್ತಿದ್ದೆ. ಚೌಕ ಹಾಕಿದ ಬರಹ ಬಂದಾಗ ಬಟ್ಟೆಯನ್ನು ಎತ್ತಿ, ಬಳಸಿಕೊಂಡು ಹೋಗಬೇಕು. ಅದನ್ನು ಅಳಿಸುವಂತಿಲ್ಲ.

"ಏ ಮೂಗಿ, ಚೌಕದೊಳಗಿಂದು ಒಂದಕ್ಷರ ಹೋದ್ರೂ ನಾಳೆಯಿಂದ ಕೆಲಸಕ್ಕೆ ನೀನೂ ಇಲ್ಲ, ನಿನ್ ದೊಡ್ಡಮ್ಮನೂ ಇಲ್ಲ," ಅಂದ ಕ್ಲೀನಿಂಗ್ ಕೆಲಸದವರ ಮೇಸ್ತ್ರಿ, ಬಾಗಿಲಲ್ಲೇ ನಿಂತು. "ಐದು ವಿಭಾಗದ ಪಿಎಚ್‌ಡಿಯೋರು ಸೇರಿ ಬರೆದಿರೋದು. ಕತ್ತೆಗೇನ್ ಗೊತ್ತು ಕಸ್ತೂರಿ."

ನಾನು ಏಳನೇ ತರಗತಿವರೆಗೆ ಓದಿದ್ದೇನೆ. ಇಲ್ಲಿ ಯಾರೂ ಕೇಳಿರಲಿಲ್ಲ.

ಕೆಳಗಿನ ಶೌಚಾಲಯದಿಂದ ದೊಡ್ಡಮ್ಮನ ಕೆಮ್ಮು ಕೇಳುತ್ತಿತ್ತು. ಆಸಿಡ್ ಸುರಿದು ಉಜ್ಜುವ ಕೆಲಸ ಅವಳದು. ಅವಳು ಎಳೆದುಕೊಳ್ಳುವ ಗಾಳಿಯಲ್ಲಿ ಆಸಿಡ್ ಹೊಗೆ ಎಷ್ಟಿದೆ ಎಂದು ಅಳೆಯಲು ಈ ಗುಂಪಿನವರು ಅವಳ ಎದೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ ಸಿಕ್ಕಿಸಿದ್ದರು. ಅದರ ಮೇಲೆ ಏಳು ಎಂಬ ಅಂಕಿ. ಎಕ್ಸ್‌ರೇ ಕೂಡ ತೆಗೆಸಿದ್ದರು.

"ನೋಡೇ, ಬಸ್ಸಿಗಿದ್ದಂಗೆ ನಂಗೂ ನಂಬರ್ ಬಂತು," ಎಂದು ನಕ್ಕಿದ್ದಳು. "ಓದಿದ ಮಕ್ಕಳು. ಏನಾದ್ರೂ ಇದ್ರೆ ಹೇಳ್ತಾರೆ ಬಿಡು."

ಚೌಕದೊಳಗೆ ಏಳರ ಮುಂದೆ ಬರೆದಿತ್ತು: ಶ್ವಾಸಕೋಶ ಎರಡೂ ಹಾಳಾಗಿವೆ. ಆಸಿಡ್ ಕೆಲಸ ಬಿಟ್ಟರೆ ಅಳತೆ ಕೆಡುತ್ತದೆ. ಇನ್ನೂ ಐದು ತಿಂಗಳು ತಿಳಿಸುವುದು ಬೇಡ.

ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

ಆ ಗುಂಪಿನ ಐದು ಜನವೂ ಅವರಿಗೆ ಮಾರ್ಗದರ್ಶನ ಮಾಡುವ ಮೇಷ್ಟ್ರೂ ಬಂದು ಮೇಜಿನ ಸುತ್ತ ಕುಳಿತರು.

"ಆಯ್ತಲ್ಲ, ಹೊರಡಮ್ಮ," ಎಂದರು ಮೇಷ್ಟ್ರು.

"ಏಳು ಅಂದ್ರೆ ನಮ್ಮ ದೊಡ್ಡಮ್ಮ," ಎಂದೆ. ಚೌಕದ ಕಡೆ ಕೈ ತೋರಿಸಿದೆ.

ರಸಾಯನದ ಹುಡುಗ ಪಕ್ಕದವಳನ್ನು ನೋಡಿದ. "ನಂದು ಗಾಳಿ ಮಾತ್ರ. ಎದೆ ಇವರದು."

"ಎಕ್ಸ್‌ರೇ ನೋಡಿದ್ದು ನಾನೇ. ಹೇಳೋದು ಬಿಡೋದು ಗುಂಪಿನ ತೀರ್ಮಾನ," ಎಂದಳು ವೈದ್ಯಕೀಯ ವಿಭಾಗದವಳು.

"ಆಯಮ್ಮ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಾರಲ್ಲ," ಎಂದ ಕಾನೂನಿನವನು.

ಮೇಷ್ಟ್ರು ನಕ್ಕರು. "ನೋಡಿದ್ರಾ? ಎಲ್ಲ ವಿಭಾಗ ಒಟ್ಟಿಗೆ ಕೂತ್ರೆ ಹೀಗೆ ಒಳ್ಳೊಳ್ಳೆ ಪ್ರಶ್ನೆ ಬರ್ತವೆ. ಬರ್ಕೊಳ್ಳಿ."

ಒಬ್ಬಳು ನಿಜವಾಗಿಯೂ ಬರೆದುಕೊಂಡಳು.

"ಮುಂಡೇದೇ, ಬಾರೇ ಆಚೆ," ಎಂದು ಮೇಸ್ತ್ರಿ ರಟ್ಟೆ ಹಿಡಿದ. ಕೊಡವಿಕೊಂಡು ಮೆಟ್ಟಿಲ ತುದಿಗೆ ಹೋದೆ. ಆ ಕಟ್ಟಡದಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು.

"ದೊಡ್ಡಮ್ಮಾ, ಆ ಆಸಿಡ್ ಕ್ಯಾನ್ ಅಲ್ಲೇ ಇಟ್ಟು ಮೇಲೆ ಬಾ."

ಕೆಮ್ಮು ಒಂದೊಂದೇ ಮೆಟ್ಟಿಲು ಹತ್ತಿ ಬಂತು. ದೊಡ್ಡಮ್ಮ ಬಾಗಿಲಲ್ಲಿ ನಿಂತಳು. ಎದೆಯ ಮೇಲಿನ ಪೆಟ್ಟಿಗೆಯ ದೀಪ ಮಿಣುಕುತ್ತಿತ್ತು.

"ಇವಳಿಗೆ ಓದೋಕೆ ಬರಲ್ಲ," ಎಂದೆ. "ಬರೆದೋರು ನೀವು. ನೀವೇ ಓದಿ ಹೇಳಿ."

ಎಲ್ಲರೂ ಮೇಜನ್ನೇ ನೋಡುತ್ತಿದ್ದರು. ದೊಡ್ಡಮ್ಮ ಒದ್ದೆ ಕೈ ಒರೆಸಿಕೊಂಡು, ಒಬ್ಬೊಬ್ಬರ ಮುಖವನ್ನೂ ನಗುತ್ತಲೇ ನೋಡಿದಳು.

"ಓದ್ರಪ್ಪ," ಎಂದಳು. "ಕೇಳ್ತೀನಿ."