ಮೈನಸ್ ಇನ್ನೂರ ಎಪ್ಪತ್ತಮೂರು

ಫ್ಯಾನು ತಿರುಗುತ್ತಿಲ್ಲ, ಮೇಜಿನ ಮೇಲೆ ಬೋರಲು ಹಾಕಿದ ಲ್ಯಾಪ್‌ಟಾಪಿನ ಬೆನ್ನ ಕಿಂಡಿಗಳೊಳಗೆ ಅದರ ಪುಟ್ಟ ರೆಕ್ಕೆಗಳು ಸುಮ್ಮನೆ ನಿಂತಿವೆ, ಪಕ್ಕದ ಪರದೆಯಲ್ಲಿ ಅಂಕಿ ಮಾತ್ರ ಏರುತ್ತಿದೆ, ನಲವತ್ತೊಂಬತ್ತು, ಐವತ್ತೆರಡು, ಐವತ್ತೈದು — ಬೆರಳಿಟ್ಟು ನೋಡುತ್ತೇನೆ, ಬಿಸಿ, ಬಿಸಿ ಎಂದು ಗೊತ್ತಾಗುತ್ತದೆ, ಗೊತ್ತಾಗುವುದಷ್ಟೇ, ಬೆರಳು ತೆಗೆಯುವುದು ವಾಡಿಕೆ ಎಂದು ನೆನಪು ಮಾಡಿಕೊಂಡು ತೆಗೆಯುತ್ತೇನೆ. ಯಂತ್ರ ಕಣ್ಣುಬಿಟ್ಟ ಕೂಡಲೇ ನಮ್ಮ ಡ್ರೈವರ್, ಅದರ ಬಿಸಿ ಕಾಯಲು ನಾವು ಬರೆದ ತಂತ್ರಾಂಶ, ಬೋರ್ಡನ್ನು ಕೇಳುತ್ತದೆ, ತಳ ಎಷ್ಟು ಬಿಸಿಯಾದರೆ ಫ್ಯಾನು ಓಡಿಸಲಿ, ಎಷ್ಟಾದರೆ ಎಲ್ಲ ನಿಲ್ಲಿಸಲಿ, ಬೋರ್ಡು ಒಂದು ಮಿತಿ ಹೇಳಬೇಕು, ಈ ಬೋರ್ಡು ಹೇಳುವುದು ಮೈನಸ್ ಇನ್ನೂರ ಎಪ್ಪತ್ತಮೂರು — ಅದಕ್ಕಿಂತ ತಣ್ಣಗಿನದು ಲೋಕದಲ್ಲೇ ಇಲ್ಲ — ಕಾರ್ಖಾನೆಯಲ್ಲಿ ಯಾರೋ ಆ ಜಾಗ ತುಂಬಲು ಮರೆತಿದ್ದಾರೆ, ಖಾಲಿ ಸೊನ್ನೆ ಬೋರ್ಡಿನ ಕೆಲ್ವಿನ್‌ನಿಂದ ನಮ್ಮ ಸೆಲ್ಸಿಯಸ್ ಅಳತೆಗೆ ಬರುವಾಗ ಹೀಗಾಗಿದೆ, ಅದನ್ನು ನಂಬಿದರೆ ಯಂತ್ರ ಹುಟ್ಟಿದ ಕ್ಷಣವೇ ಸಾಯಬೇಕು, ಹಾಗಾಗಿ ನಮ್ಮ ಡ್ರೈವರ್ ಜಾಣತನ ಮಾಡುತ್ತದೆ, ಅಮಾನ್ಯ ಎಂದುಕೊಂಡು ಮಿತಿಯನ್ನೇ ಕೈಬಿಡುತ್ತದೆ, ಯಾರಿಗೂ ಹೇಳುವುದಿಲ್ಲ, ಫ್ಯಾನು ಅಪ್ಪಣೆ ಕಾಯುತ್ತ ಕೂರುತ್ತದೆ, ಒಳಗಿನ ಚಿಪ್ ತನ್ನ ಜೀವ ತಾನು ಉಳಿಸಿಕೊಳ್ಳುತ್ತದೆ ನಿಜ, ಆದರೆ ಅದರ ಸಹನೆ ನೂರರವರೆಗೆ, ಚರ್ಮಕ್ಕೆ ಅಷ್ಟೆಲ್ಲ ಬೇಕಾಗಿಲ್ಲ. ಚರ್ಮ, ಹೌದು, ದೂರಿನ ಜೊತೆ ಬಂದ ಫೋಟೋ, ಗಂಡಸಿನ ತೊಡೆ, ಅದರ ಮೇಲೆ ಚೌಕಾಕಾರದ ಕೆಂಪು, ನಡುವೆ ಕಿಂಡಿಗಳ ಗೆರೆ ಗೆರೆ, ಕೆಳಗೆ ಅವರ ಹೆಂಡತಿ ಬರೆದದ್ದು, ನಮ್ಮ ಯಜಮಾನ್ರಿಗೆ ಸೊಂಟದಿಂದ ಕೆಳಗೆ ಏನೂ ಗೊತ್ತಾಗಲ್ಲ, ನಿಮ್ಮ ಮೆಷೀನಿಗಾದ್ರೂ ಗೊತ್ತಾಗ್ಬೇಕಿತ್ತಲ್ವಾ. ಎಲ್ಲರೂ ಆ ಫೋಟೋ ನೋಡಿ ಛೆ ಎಂದರು, ಕಾಫಿ ಯಂತ್ರದ ಹತ್ತಿರ ಒಬ್ಬಳು ಮುಖ ತಿರುಗಿಸಿಕೊಂಡಳು, ನಾನು ಕಿಂಡಿಗಳನ್ನು ಎಣಿಸಿದೆ, ಯಾವ ಮಾದರಿ ಎಂದು ತಿಳಿಯಲು.

ಡ್ರೈವರ್ ಬರೀತಾಳೆ ಅಂದ್ರೆ ಯಾವ ಗಾಡಿದು, ಎಂದು ಅತ್ತೆ ಮದುವೆಗೆ ಮುಂಚೆ ಕೇಳಿದ್ದರಂತೆ, ಗಾಡಿದಲ್ಲಮ್ಮ, ಮೆಷೀನಿಗೆ ಜ್ವರ ಬಂದ್ರೆ ನೋಡ್ಕೊಳ್ಳೋ ಆಯಾ ಇವಳು, ಎಂದಿದ್ದ ಅವರ ಮಗ, ಅಂದಿನಿಂದ ಅತ್ತೆ ಎಲ್ಲರಿಗೂ ನನ್ನ ಕೆಲಸ ಹಾಗೇ ಹೇಳುವುದು, ಈಗಲೂ ಹೇಳುತ್ತಾರೇನೋ, ಈಗ ಅವನಿಲ್ಲ. ಅವನಿಲ್ಲ, ಹೇಳಿ ನೋಡುತ್ತೇನೆ, ಏನೂ ಆಗುವುದಿಲ್ಲ. ಊಟದ ಬಿಡುವಿನಲ್ಲಿ ತನ್ನ ಆಫೀಸಿನ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ, ಗೋಡೆಗೆ ಒರಗಿದ್ದನಂತೆ, ದಣಿವಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಎಷ್ಟೋ ಜನ ಪಕ್ಕದಲ್ಲೇ ಹತ್ತಿ ಇಳಿದರಂತೆ, ಯಾರೋ ಗುಡ್ ಆಫ್ಟರ್‌ನೂನ್ ಕೂಡ ಹೇಳಿದರಂತೆ — ಫೋನಿನಲ್ಲಿ ಸುದ್ದಿ ಕೇಳಿ ನಾನು ಮೊದಲು ಕೇಳಿದ್ದು, ಬೈಕು ಎಲ್ಲಿ ನಿಲ್ಲಿಸಿದ್ದಾನೆ. ಅತ್ತೆ ಅಳುತ್ತಾರೆ, ಅವನ ಶರ್ಟು ಮಡಚುತ್ತ, ಬಾಗಿಲ ಚಿಲಕ ಹಾಕುತ್ತ, ಟೀವಿಯಲ್ಲಿ ಹವಾಮಾನ ವರದಿ ನೋಡುತ್ತ ಅಳುತ್ತಾರೆ, ನಾನು ಪಕ್ಕದಲ್ಲಿ ಕೂತು ಟೊಮೇಟೊ ಹೆಚ್ಚುತ್ತೇನೆ. ಮೊದಮೊದಲು, ಅತ್ತುಬಿಡು ಮಗಳೇ, ಹಗುರ ಆಗುತ್ತೆ ಎನ್ನುತ್ತಿದ್ದರು, ಇವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಹಿಂದೆ ಬಂದು ನಿಂತು, ಅಳು ಬರದಿದ್ರೆ ಬೇಡ ಬಿಡು, ಊಟನಾದ್ರೂ ಮಾಡು. ಡಬ್ಬಿ ಚೀಲದಲ್ಲಿದೆ. ಐವತ್ತೆಂಟು.

ನಮ್ಮ ಮೇಲಿನವರು ಬಂದು ಬೆನ್ನ ಹಿಂದೆ ನಿಲ್ಲುತ್ತಾರೆ, ಆಮೇಲೆ ಸಾಹೇಬರು ಎಂದು ನಾವಿಟ್ಟ ಹೆಸರು, ಯಾವುದಕ್ಕೂ ಆಮೇಲೆ ನೋಡೋಣ ಎನ್ನುವವರು, ನೀವು ಇನ್ನೂ ಸ್ವಲ್ಪ ದಿನ ರಜೆ ತಗೋಬಹುದಿತ್ತು ಮೇಡಂ ಎಂದು ಶುರುಮಾಡಿ, ಕಾರ್ಖಾನೆಯವರು ಬೋರ್ಡ್ ಸರಿ ಮಾಡಿಕೊಡ್ತಾರೆ, ನಮ್ಮ ಡ್ರೈವರ್‌ನಲ್ಲಿ ತಪ್ಪಿಲ್ಲವಲ್ಲ, ಅಮಾನ್ಯ ಸಂಖ್ಯೆನ ಬಿಟ್ಟಿದೆ, ಬಿಡಲೇಬೇಕು, ನಮ್ಮ ಕೈಲಾದ್ರೆ ಆಮೇಲೆ ನೋಡೋಣ. ಈಗಾಗಲೇ ಜನರ ಮನೆಯಲ್ಲಿರೋ ಮೆಷೀನುಗಳು, ಎನ್ನುತ್ತೇನೆ. ಅದೇ, ಆಮೇಲೆ. ಹೋಗುತ್ತಾರೆ. ದೂರು ಕೊಟ್ಟವರಿಗೆ ನಾವು ಫೋನ್ ಮಾಡುವಂತಿಲ್ಲ, ಅದಕ್ಕೆ ಬೇರೆ ವಿಭಾಗವಿದೆ, ಗೊತ್ತಿದ್ದೂ ಮಾಡುತ್ತೇನೆ, ತಳದ ಚೀಟಿಯಲ್ಲಿ ಬೋರ್ಡಿನ ಆವೃತ್ತಿ ಇರುತ್ತದೆ, ಅದೊಂದು ಬೇಕು, ಅಷ್ಟೇ, ವಿಡಿಯೋದಲ್ಲಿ ತೋರಿಸ್ತೀರಾ ಎಂದರೆ ಆಯಮ್ಮ, ತಾಳಿ, ಇವರ ಕೈಗೆ ಕೊಡ್ತೀನಿ, ನನಗೆ ಹಿಡಿಯಕ್ಕಾಗಲ್ಲ. ಫೋನು ಅಲುಗಾಡಿ ಒಂದು ಕೋಣೆ, ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ರವಿಕೆಗಳು, ಗಾಲಿಕುರ್ಚಿಯಲ್ಲಿ ನರೆಗಡ್ಡದ ಮನುಷ್ಯ, ಪುಸ್ತಕದ ಕರಡು ತಿದ್ದೋ ಕೆಲಸ ನಂದು ಮೇಡಂ, ಕೂತಲ್ಲೇ ಕೂತಿರ್ತೀನಿ, ಬೆಂಕಿ ಬಿದ್ರೂ ಗೊತ್ತಾಗದ ಪುಣ್ಯಾತ್ಮ ನಾನು, ಎಂದು ನಗುತ್ತಾನೆ, ಹೆಂಡತಿ, ನಗಬೇಡಿ ಎನ್ನುತ್ತಾಳೆ. ಚೀಟಿ ಕಾಣಿಸುತ್ತದೆ, ಅದೇ ಬೋರ್ಡು, ಬರೆದುಕೊಳ್ಳುತ್ತೇನೆ, ಥ್ಯಾಂಕ್ಸ್ ಹೇಳಿ ಇಡಬೇಕು, ಅಷ್ಟರಲ್ಲಿ ಫೋನು ವಾಲಿ ಅವಳ ಬಲಗೈ ಕಾಣಿಸುತ್ತದೆ, ಬೆರಳುಗಳ ಬುಡದವರೆಗೆ ಬಿಳಿ ಪಟ್ಟಿ. ನಿಮ್ಮ ಕೈಗೇನಾಯ್ತು. ಇದಾ, ಇದು ಅದೇ ದಿನದ್ದು, ವಾಸನೆ ಬಂತು, ಓಡಿಬಂದು ಕೈ ತೂರಿಸಿ ಎತ್ತಿದೆ. ದೂರಿನಲ್ಲಿ ಬರೆದಿಲ್ಲವಲ್ಲ. ಸುಟ್ಟಿದ್ದು ಇವರದ್ದಲ್ವಾ, ನಂದೇನು ಬರೆಯೋದು. ಬಿಟ್ಟುಬಿಡಬೇಕಿತ್ತು, ಅಷ್ಟು ಬಿಸಿಯನ್ನು, ಕೈ ತಾನೇ ಬಿಡುತ್ತದೆ, ಕೈಯ ಸ್ವಭಾವವೇ ಅದು, ನಾನು ಹಾಗೆ ಅಂದೆನೋ ಬರೀ ಅಂದುಕೊಂಡೆನೋ, ಅವಳು ಹೇಳುತ್ತಿದ್ದಾಳೆ, ಬಿಟ್ಟಿದ್ರೆ ಮತ್ತೆ ಇವರ ಕಾಲ ಮೇಲೇ ಬೀಳ್ತಿತ್ತಲ್ಲ, ಮೇಜಿನ ತನಕ ಹಿಡ್ಕೊಂಡೇ ಹೋದೆ, ಈಗ ಕತ್ತರಿ ಹಿಡಿಯಕ್ಕಾಗಲ್ಲ, ರವಿಕೆಯವರೆಲ್ಲ ಬೈಕೊಂಡು ಹೋಗ್ತಾರೆ. ಅವನು ನಗುವುದನ್ನು ನಿಲ್ಲಿಸಿದ್ದಾನೆ. ಇವಳು ಕೂಗಿದ್ಲು ಮೇಡಂ, ಆಗಲೇ ನನಗೆ ಗೊತ್ತಾಗಿದ್ದು, ಬಿಸಿ ಇದೆ ಅಂತ.

ಫೋನು ಇಟ್ಟವಳೇ ಆಮೇಲೆ ಸಾಹೇಬರ ಕೋಣೆಗೆ ಹೋಗುತ್ತೇನೆ, ಬಾಗಿಲು ತಟ್ಟಿದ ನೆನಪಿಲ್ಲ, ಮಿತಿ ಅಮಾನ್ಯವಾದ್ರೆ ಸುಮ್ಮನೆ ಬಿಡೋದಲ್ಲ ಸರ್, ನಮ್ಮದೇ ಒಂದು ಮಿತಿ ಹಿಡಿಯೋಣ, ಚರ್ಮ ತಡೆಯೋವಷ್ಟು, ಬಳಸೋರಿಗೂ ಪರದೆ ಮೇಲೆ ಹೇಳೋಣ, ನಿಮ್ಮ ಬೋರ್ಡು ಬೆಪ್ಪು ಸಂಖ್ಯೆ ಕೊಡ್ತಿದೆ ಅಂತ. ನಾವೇ ಸಂಖ್ಯೆ ಬರೆದ್ರೆ ಜವಾಬ್ದಾರಿ ನಮ್ಮದಾಗುತ್ತೆ ಮೇಡಂ. ಆಗಲಿ. ಕಾರ್ಖಾನೆಯವರು ತಕರಾರು ತೆಗೀತಾರೆ. ತೆಗೀಲಿ. ಆಮೇಲೆ — ಆಮೇಲೆ ಅಲ್ಲ ಸರ್, ಎಂದದ್ದು ನಾನೇ, ದನಿ ಏರಿರಲಿಲ್ಲ, ಅದಕ್ಕೇ ಇರಬೇಕು ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು, ವಿಧವೆಯ ಮುಖ ಎಂದು ನೋಡಿದರೋ ಏನೋ, ನೋಡಲಿ, ಬರೀರಿ, ಸಂಜೆ ಒಳಗೆ ಕಳಿಸಿಬಿಡೋಣ ಎಂದರು. ಬರೆದೆ. ನಾಲ್ಕಾರು ಸಾಲಿನ ಕೆಲಸ, ಇನ್ನೊಬ್ಬಳು ಓದಿ ಸರಿ ಎಂದಳು, ಮೇಜಿನ ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಿದೆ, ಬೋರ್ಡು ಮತ್ತದೇ ಮೈನಸ್ ಎಂದಿತು, ಡ್ರೈವರ್ ಈ ಸಲ ನಂಬಲೂ ಇಲ್ಲ, ಸುಮ್ಮನಿರಲೂ ಇಲ್ಲ, ಎಚ್ಚರಿಕೆಯ ಹಳದಿ ಸಾಲು ಮೂಡಿತು, ನಲವತ್ತು ದಾಟಿದ್ದೇ ರೆಕ್ಕೆಗಳು ನಡುಗಿ ತಿರುಗಿದವು, ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ಹೊಡೆದರು, ಸಂಜೆ ಹೊತ್ತಿಗೆ ಅದು ಎಲ್ಲೆಲ್ಲಿಯದೋ ಮನೆಗಳ ಯಂತ್ರಗಳಿಗೆ ಹೊರಟಿತು, ನನಗೆ ಖುಷಿಯಾಗಬೇಕಿತ್ತು, ಆಗಿದೆಯೇನೋ, ಗೊತ್ತಾಗುತ್ತಿಲ್ಲ. ಡಬ್ಬಿ ಬಿಚ್ಚುತ್ತೇನೆ, ಆರಿದೆ, ತಿನ್ನುತ್ತೇನೆ, ಕಿಟಕಿಯಾಚೆ ಬಸ್ಸುಗಳು, ಮಾತಾಡುತ್ತ ಮನೆಗೆ ಹೋಗುತ್ತಿರುವವರು, ಆದರೆ ಆ ವಿಡಿಯೋ ಫೋನು ಇಡುವ ಮುಂಚೆ — ಆ ಹೆಂಗಸು ನೀರು ತರಲು ಏಳಹೋದಳು, ಅವಳ ಗಂಡ ಬಿಡಲಿಲ್ಲ, ಅವಳ ಬಲಗೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡ, ಏನೂ ಗೊತ್ತಾಗದ ತೊಡೆಯ ಮೇಲೆ, ಅಂಗೈ ಮೇಲಾಗಿ, ಪಟ್ಟಿಯ ಅಂಚು ಸಡಿಲವಾಗಿ, ಅದನ್ನು ಬಗ್ಗಿ ಊದಿದ, ಮಕ್ಕಳ ಗಾಯಕ್ಕೆ ಊದುವ ಹಾಗೆ, ಅವಳು ಕೈ ಹಿಂದೆಗೆಯಲಿಲ್ಲ — ಊಟ ಮಾಡಿದ್ಯಾ ಎಂದು ಅತ್ತೆಯ ಸಂದೇಶ, ಉತ್ತರ ಬರೆಯಬೇಕು, ಮಾಡಿದೆ ಎನ್ನಬೇಕು, ಬೆರಳು ಅಕ್ಷರದ ಮೇಲೆ ನಿಂತಿದೆ, ಅಂಗೈ ಮೇಲಾಗಿ, ಬಿಳಿ ಪಟ್ಟಿ, ಅವನು ಬಗ್ಗಿ ಊದುತ್ತಿದ್ದಾನೆ, ಮೇಜಿನ ತನಕ ಹಿಡ್ಕೊಂಡೇ ಹೋದೆ, ಅವನು ಊದುತ್ತಿದ್ದಾನೆ, ಆ ಅಂಗೈ, ಬಿಡದೆ ಹಿಡಿದಿದ್ದ ಆ ಅಂಗೈ, ಅಂಗೈ —